ಪಿಟ್ಯುಟರಿ ಕಾಯಿಲೆಗಳು: ಪತ್ತೆಯ ಕ್ರಮ, ಚಿಕಿತ್ಸೆಯ ಕ್ರಮ



ಇಂದಿನ ಉಪನ್ಯಾಸಕ್ಕೆ ಸಕ್ಕರೆ ಕಾಯಿಲೆಯನ್ನೋ ಥೈರಾಯ್ಡನ್ನೋ ಆರಿಸಿಕೊಳ್ಳಬಹುದಿತ್ತು. ಅವೆರಡೂ ಈಗ ಮನೆಮನೆಯ ಮಾತು. ನಾನು ಪಿಟ್ಯುಟರಿ ಗ್ರಂಥಿಯನ್ನು ಆರಿಸಿಕೊಂಡದ್ದಕ್ಕೆ ಒಂದು ಕಾರಣವಿದೆ. ಈ ಗ್ರಂಥಿಯ ಗಡ್ಡೆಗಳಿಗೆ, ಅವುಗಳಿಂದಾಗುವ ಹಾರ್ಮೋನು ಏರುಪೇರುಗಳಿಗೆ ಇಂದು ಒಳ್ಳೆಯ ಚಿಕಿತ್ಸೆ ಇದೆ. ಅದಕ್ಕಾಗಿ ವಿದೇಶಕ್ಕೆ ಹೋಗಬೇಕಾಗಿಯೂ ಇಲ್ಲ. ಆದರೂ ರೋಗಿಗಳು ನಮ್ಮ ಹತ್ತಿರ ಬರುವ ಹೊತ್ತಿಗೆ ಐದು ವರ್ಷ, ಕೆಲವೊಮ್ಮೆ ಹತ್ತು ವರ್ಷ ಕಳೆದಿರುತ್ತದೆ. ಅಷ್ಟರಲ್ಲಿ ಅವರು ಕಣ್ಣಿನ ವೈದ್ಯರನ್ನು, ಹಲ್ಲಿನ ವೈದ್ಯರನ್ನು, ಹೆರಿಗೆ ವೈದ್ಯರನ್ನು, ಸಕ್ಕರೆ ಕಾಯಿಲೆಯ ತಜ್ಞರನ್ನು ನೋಡಿ ಬಂದಿರುತ್ತಾರೆ. ಪ್ರತಿಯೊಬ್ಬರೂ ಕಾಯಿಲೆಯ ಒಂದೊಂದು ತುಣುಕನ್ನು ಕಂಡಿರುತ್ತಾರೆ.

ಈ ತಡಕ್ಕೆ ಯಂತ್ರಗಳ ಕೊರತೆಗಿಂತ ಕ್ರಮ ತಪ್ಪುವುದೇ ದೊಡ್ಡ ಕಾರಣ ಎಂಬುದು ನನ್ನ ಮಾತಿನ ತಿರುಳು. ಮೊದಲು ರೋಗಿಯ ಕಥೆ, ಆಮೇಲೆ ರಕ್ತ ಪರೀಕ್ಷೆ, ಕೊನೆಗೆ ಸ್ಕ್ಯಾನ್. ಚಿಕಿತ್ಸೆಯಲ್ಲೂ ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಎಷ್ಟೋ ಸಲ ಫಲವನ್ನು ನಿರ್ಧರಿಸುತ್ತದೆ. ಇದನ್ನು ನಾಲ್ಕು ಭಾಗಗಳಲ್ಲಿ ವಿವರಿಸುತ್ತೇನೆ. ಒಂದು, ಮೈಮೇಲೆ ಕಾಣುವ ಗುರುತುಗಳು. ಎರಡು, ರಕ್ತದ ವರದಿ ಮತ್ತು ಸ್ಕ್ಯಾನನ್ನು ಓದುವ ಬಗೆ. ಮೂರು, ಮಾತ್ರೆ, ಶಸ್ತ್ರಚಿಕಿತ್ಸೆ, ವಿಕಿರಣ. ನಾಲ್ಕು, ಗ್ರಂಥಿಯೇ ಸೋತುಹೋದಾಗ ಏನಾಗುತ್ತದೆ ಎಂಬುದು. ನಮ್ಮ ಹಳ್ಳಿಗಳಿಗೆ ಹೆಚ್ಚು ಸಂಬಂಧಪಟ್ಟದ್ದು ಈ ಕೊನೆಯ ಭಾಗ. ಹಾಗಾಗಿ ಅದಕ್ಕೆ ಸಾಕಷ್ಟು ಸಮಯ ಉಳಿಸಿಕೊಳ್ಳುತ್ತೇನೆ.

ಅದಕ್ಕೂ ಮೊದಲು ಗ್ರಂಥಿಯ ಪರಿಚಯ. ಮೂಗಿನ ಬುಡದ ಹಿಂದೆ, ಮಿದುಳಿನ ತಳದಲ್ಲಿ, ಮೂಳೆಯ ಸಣ್ಣ ಗುಳಿಯೊಂದರಲ್ಲಿ ಪಿಟ್ಯುಟರಿ ಇದೆ. ಗಾತ್ರ ಕಡಲೆಕಾಳಿನಷ್ಟು, ತೂಕ ಸುಮಾರು ಅರ್ಧ ಗ್ರಾಂ. ಅದರ ಮುಂಭಾಗ ಆರು ಮುಖ್ಯ ಹಾರ್ಮೋನುಗಳನ್ನು ತಯಾರಿಸುತ್ತದೆ: ಬೆಳವಣಿಗೆಯ ಹಾರ್ಮೋನು, ಎದೆಹಾಲಿಗೆ ಬೇಕಾದ ಪ್ರೊಲ್ಯಾಕ್ಟಿನ್, ಥೈರಾಯ್ಡಿಗೆ ಅಪ್ಪಣೆ ಕೊಡುವ ಟಿಎಸ್‌ಎಚ್, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಕಾರ್ಟಿಸೋಲ್ ಹೊರಡಿಸುವ ಎಸಿಟಿಎಚ್, ಅಂಡಾಶಯ, ವೃಷಣಗಳನ್ನು ನಡೆಸುವ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್. ಹಿಂಭಾಗದಿಂದ ವ್ಯಾಸೋಪ್ರೆಸಿನ್ ಮತ್ತು ಆಕ್ಸಿಟೋಸಿನ್ ಹೊರಬೀಳುತ್ತವೆ. ಮೊದಲನೆಯದು ಮೂತ್ರದ ಪ್ರಮಾಣವನ್ನು ಹಿಡಿತದಲ್ಲಿಡುತ್ತದೆ. ಎರಡನೆಯದು ಹೆರಿಗೆಯಲ್ಲೂ ಮಗುವಿಗೆ ಹಾಲೂಡಿಸುವಾಗಲೂ ಕೆಲಸ ಮಾಡುತ್ತದೆ.

ಇವೆಲ್ಲವೂ ಒಂದು ಸರಳ ನಿಯಮದ ಮೇಲೆ ನಡೆಯುತ್ತವೆ. ಕೆಳಗಿನ ಗ್ರಂಥಿಯ ಹಾರ್ಮೋನು ಕಡಿಮೆಯಾದರೆ ಪಿಟ್ಯುಟರಿ ತನ್ನ ಅಪ್ಪಣೆಯನ್ನು ಜೋರು ಮಾಡುತ್ತದೆ, ಹೆಚ್ಚಾದರೆ ಸುಮ್ಮನಾಗುತ್ತದೆ. ಥೈರಾಯ್ಡ್ ಸೋತಾಗ ಟಿಎಸ್‌ಎಚ್ ಏರುವುದು ಇದೇ ಕಾರಣಕ್ಕೆ. ಈ ನಿಯಮವನ್ನು ನೆನಪಿಡಿ. ಮುಂದೆ ಪ್ರತಿ ಹೆಜ್ಜೆಗೂ ಇದು ಬೇಕಾಗುತ್ತದೆ.

ಈ ಗ್ರಂಥಿಯಲ್ಲಿ ಬೆಳೆಯುವ ಗಡ್ಡೆಗಳು ಹೆಚ್ಚುಕಡಿಮೆ ಎಲ್ಲವೂ ಕ್ಯಾನ್ಸರ್ ಅಲ್ಲದವು. ದೇಹದ ಬೇರೆ ಕಡೆ ಹರಡುವ ನಿಜವಾದ ಪಿಟ್ಯುಟರಿ ಕ್ಯಾನ್ಸರ್ ಅತ್ಯಂತ ವಿರಳ. ‘ತಲೆಯಲ್ಲಿ ಗಡ್ಡೆ’ ಎಂದ ತಕ್ಷಣ ಮನೆಯವರ ಮುಖದಲ್ಲಿ ಕಾಣುವ ಭಯಕ್ಕೆ ಮೊದಲು ಹೇಳಬೇಕಾದ ಮಾತು ಇದು. ಈ ಗಡ್ಡೆ ತೊಂದರೆ ಕೊಡುವುದು ಮೂರು ದಾರಿಯಲ್ಲಿ: ಯಾವುದೋ ಹಾರ್ಮೋನನ್ನು ಅತಿಯಾಗಿ ಸುರಿಸಿ, ಉಳಿದ ಹಾರ್ಮೋನುಗಳನ್ನು ಕುಗ್ಗಿಸಿ, ಅಕ್ಕಪಕ್ಕದ ಅಂಗಗಳನ್ನು ಒತ್ತಿ.

ಈಗ ಮೊದಲನೆಯ ಭಾಗಕ್ಕೆ ಬರೋಣ, ಮೈಮೇಲೆ ಕಾಣುವ ಗುರುತುಗಳಿಗೆ.

1886ರಲ್ಲಿ ಪ್ಯಾರಿಸ್ಸಿನ ಪಿಯರ್ ಮಾರಿ ಎಂಬ ವೈದ್ಯ, ಕೈಕಾಲು ಮತ್ತು ಮುಖ ವಿಪರೀತ ದಪ್ಪವಾಗಿದ್ದ ಇಬ್ಬರು ರೋಗಿಗಳನ್ನು ವರ್ಣಿಸಿ, ಆ ಕಾಯಿಲೆಗೆ ಅಕ್ರೊಮೆಗಲಿ ಎಂದು ಹೆಸರಿಟ್ಟ. ಬೆಳವಣಿಗೆಯ ಹಾರ್ಮೋನನ್ನು ಸುರಿಸುವ ಪಿಟ್ಯುಟರಿ ಗಡ್ಡೆ ಇದಕ್ಕೆ ಕಾರಣ ಎಂಬುದು ಸ್ಪಷ್ಟವಾಗಲು ಇನ್ನೂ ಹಲವು ವರ್ಷ ಬೇಕಾಯಿತು. ಮೂಳೆಯ ಬೆಳವಣಿಗೆ ನಿಲ್ಲುವ ಮೊದಲೇ, ಬಾಲ್ಯದಲ್ಲಿ ಈ ಗಡ್ಡೆ ಬಂದರೆ ಮನುಷ್ಯ ದೈತ್ಯಾಕಾರಕ್ಕೆ ಬೆಳೆಯುತ್ತಾನೆ. ಹದಿನೆಂಟನೇ ಶತಮಾನದ ಲಂಡನ್ನಿನಲ್ಲಿ ‘ಐರಿಷ್ ದೈತ್ಯ’ ಎಂದು ಪ್ರದರ್ಶನಕ್ಕೆ ನಿಲ್ಲುತ್ತಿದ್ದ ಚಾರ್ಲ್ಸ್ ಬರ್ನ್ ಅಂಥವನು. 1783ರಲ್ಲಿ, 22ನೇ ವಯಸ್ಸಿಗೆ ತೀರಿಕೊಂಡ. ತನ್ನ ದೇಹವನ್ನು ಸಮುದ್ರಕ್ಕೆ ಬಿಡಬೇಕೆಂದು ಅವನು ಕೇಳಿಕೊಂಡಿದ್ದರೂ ಶಸ್ತ್ರವೈದ್ಯ ಜಾನ್ ಹಂಟರ್ ಅದನ್ನು ದುಡ್ಡು ಕೊಟ್ಟು ಪಡೆದು ಅಸ್ಥಿಪಂಜರವನ್ನು ಸಂಗ್ರಹಾಲಯದಲ್ಲಿ ನಿಲ್ಲಿಸಿದ. 1909ರಲ್ಲಿ ಅಮೆರಿಕದ ನರಶಸ್ತ್ರಚಿಕಿತ್ಸಕ ಹಾರ್ವೆ ಕುಶಿಂಗ್ ಆ ತಲೆಬುರುಡೆಯನ್ನು ತೆರೆದು ನೋಡಿದಾಗ ಪಿಟ್ಯುಟರಿ ಕೂರುವ ಗುಳಿ ಹಿಗ್ಗಿರುವುದು ಕಂಡಿತು. 2011ರಲ್ಲಿ ಅವನ ಹಲ್ಲಿನಿಂದ ತೆಗೆದ ಡಿಎನ್‌ಎಯಲ್ಲಿ ಎಐಪಿ ಎಂಬ ಜೀನಿನ ದೋಷ ಸಿಕ್ಕಿತು. ಉತ್ತರ ಐರ್ಲೆಂಡಿನ ಕೆಲವು ಕುಟುಂಬಗಳಲ್ಲಿ ಅದೇ ದೋಷ ಇಂದಿಗೂ ಹರಿದು ಬರುತ್ತಿದೆ. 2023ರಲ್ಲಿ ಹಂಟೇರಿಯನ್ ಸಂಗ್ರಹಾಲಯ ಮತ್ತೆ ಬಾಗಿಲು ತೆರೆದಾಗ ಆ ಅಸ್ಥಿಪಂಜರವನ್ನು ಪ್ರದರ್ಶನದಿಂದ ತೆಗೆದಿದ್ದರು. ವಂಶದಲ್ಲಿ ಹರಿಯುವ ಪಿಟ್ಯುಟರಿ ಗಡ್ಡೆಗಳು ಒಟ್ಟಿನಲ್ಲಿ ಕಡಿಮೆಯೇ. ಆದರೂ ಎಳೆ ವಯಸ್ಸಿನ ರೋಗಿಯ ಮುಂದೆ ಕುಳಿತಾಗ ಮನೆತನದ ಇತಿಹಾಸವನ್ನು ಕೇಳಲೇಬೇಕು.

ವಯಸ್ಕರಲ್ಲಿ ಎತ್ತರ ಹೆಚ್ಚುವುದಿಲ್ಲ. ಬದಲಾವಣೆ ವರ್ಷಗಟ್ಟಲೆ ನಿಧಾನವಾಗಿ ನಡೆಯುತ್ತದೆ. ದಿನವೂ ನೋಡುವ ಮನೆಯವರ ಕಣ್ಣಿಗೆ ಅದು ಬೀಳುವುದಿಲ್ಲ. ಆದ್ದರಿಂದ ನಾವು ಕೇಳುವ ಪ್ರಶ್ನೆಗಳು ಬಹಳ ಸಾಮಾನ್ಯವಾಗಿರುತ್ತವೆ. ಮದುವೆಯ ಉಂಗುರ ಈಗಲೂ ಬೆರಳಿಗೆ ಹೋಗುತ್ತದೆಯೇ? ಕಾಲುಂಗುರವನ್ನು ಅಕ್ಕಸಾಲಿಯ ಹತ್ತಿರ ಕತ್ತರಿಸಿ ತೆಗೆಸಬೇಕಾಯಿತೇ? ಚಪ್ಪಲಿಯ ನಂಬರು ಏಳರಿಂದ ಒಂಬತ್ತಕ್ಕೆ ಹೋಯಿತೇ? ಕೆಳಗಿನ ಹಲ್ಲುಗಳ ನಡುವೆ ಸಂದು ಬಿದ್ದಿದೆಯೇ? ಚಳಿಯಲ್ಲೂ ಬೆವರು ಬರುತ್ತದೆಯೇ? ಗೊರಕೆಯಿಂದ ಮನೆಯವರಿಗೆ ನಿದ್ದೆ ಇಲ್ಲವೇ? ಇದರ ಜತೆಗೆ ಹೊಸದಾಗಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೆರಳುಗಳ ಜೋಮು ಸೇರಿದ್ದರೆ ಅನುಮಾನ ಬಲವಾಗುತ್ತದೆ. ಆಮೇಲೆ ಹಳೆಯ ಫೋಟೊ ಕೇಳುತ್ತೇವೆ. ಮದುವೆಯ ಆಲ್ಬಮ್, ಮತದಾರರ ಚೀಟಿ, ಆಧಾರ್ ಕಾರ್ಡ್, ಈಗಿನ ಮುಖ, ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರೆ ಮೂಗು ಅಗಲವಾದದ್ದು, ತುಟಿ ದಪ್ಪವಾದದ್ದು, ಹುಬ್ಬಿನ ಮೂಳೆ ಮತ್ತು ದವಡೆ ಮುಂದೆ ಬಂದದ್ದು ಒಂದೇ ನೋಟಕ್ಕೆ ತಿಳಿಯುತ್ತದೆ. ಇಷ್ಟಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಎರಡನೆಯ ಗುರುತು ದೃಷ್ಟಿಯದು. ಎರಡು ಕಣ್ಣುಗಳ ನರಗಳು ಪಿಟ್ಯುಟರಿಯ ಸರಿಯಾಗಿ ಮೇಲೆ ಅಡ್ಡ ಹಾಯುತ್ತವೆ. ಗಡ್ಡೆ ಮೇಲಕ್ಕೆ ಬೆಳೆದು ಅಲ್ಲಿ ಒತ್ತಿದಾಗ ಎರಡೂ ಕಣ್ಣುಗಳ ಹೊರಗಡೆಯ ನೋಟ ಮಸುಕಾಗುತ್ತದೆ. ನೇರ ಎದುರಿಗಿರುವುದು ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದುವ ರೋಗಿಯೇ ‘ಪಕ್ಕದಿಂದ ಬಂದ ಬೈಕು ಕಾಣಲಿಲ್ಲ’, ‘ಬಾಗಿಲವಾಡಕ್ಕೆ ಭುಜ ತಾಗುತ್ತಲೇ ಇರುತ್ತದೆ’ ಎನ್ನುತ್ತಾನೆ. ಇಂಥ ಮಾತು ಕೇಳಿದರೆ ಕನ್ನಡಕದ ನಂಬರು ಬದಲಿಸುವ ಮೊದಲು ದೃಷ್ಟಿಯ ಹರವನ್ನು ಅಳೆಯುವ ಪೆರಿಮೆಟ್ರಿ ಪರೀಕ್ಷೆ ಮಾಡಿಸಬೇಕು.

ಮೂರನೆಯದು ಕುಶಿಂಗ್ ಕಾಯಿಲೆ. ಹಾರ್ವೆ ಕುಶಿಂಗ್ 1912ರಲ್ಲಿ ಅದರ ಚಿತ್ರವನ್ನು ಬರೆದಿಟ್ಟ. ಅದಕ್ಕೆ ಪಿಟ್ಯುಟರಿಯ ಸಣ್ಣ ಗಡ್ಡೆಯೇ ಕಾರಣ ಎಂಬ ವಾದವನ್ನು 1932ರಲ್ಲಿ ಮಂಡಿಸಿದ. ಇಲ್ಲಿ ಎಸಿಟಿಎಚ್ ಹೆಚ್ಚಾಗಿ ಕಾರ್ಟಿಸೋಲ್ ಏರುತ್ತದೆ. ಮುಖ ಗುಂಡಗಾಗುತ್ತದೆ, ಹೊಟ್ಟೆ ಬೆಳೆದು ಕೈಕಾಲು ಸೊರಗುತ್ತವೆ, ಚರ್ಮ ತೆಳುವಾಗಿ ಸಣ್ಣ ಏಟಿಗೂ ಕಂದುಗಟ್ಟುತ್ತದೆ, ಹೊಟ್ಟೆಯ ಮೇಲೆ ಬೆರಳಗಲದ ನೇರಳೆ ಗೆರೆಗಳು ಮೂಡುತ್ತವೆ. ತೂಕ ಹೆಚ್ಚಿದವರೆಲ್ಲರಲ್ಲೂ ಕುಶಿಂಗ್ ಇರುವುದಿಲ್ಲ. ಬೇರ್ಪಡಿಸುವ ಒಂದು ಒಳ್ಳೆಯ ಗುರುತು ತೊಡೆಯ ಬಲ: ಕುಕ್ಕರಗಾಲಿನಲ್ಲಿ ಕುಳಿತವರು ಕೈಯೂರದೆ ಎದ್ದು ನಿಲ್ಲಲಾಗದಿದ್ದರೆ ಅದನ್ನು ಗಂಭೀರವಾಗಿ ಪರಿಗಣಿಸಬೇಕು.

ಇಲ್ಲಿಗೆ ಮೈಮೇಲಿನ ಗುರುತುಗಳ ಮಾತು ಮುಗಿಯಿತು. ಇನ್ನು ಎರಡನೆಯ ಭಾಗ: ವರದಿಯನ್ನು ಓದುವ ಬಗೆ.

ಹಾರ್ಮೋನುಗಳು ರಕ್ತದಲ್ಲಿರುವ ಪ್ರಮಾಣ ಅತ್ಯಲ್ಪ. ಒಂದು ಮಿಲಿಲೀಟರಿನಲ್ಲಿ ನ್ಯಾನೊಗ್ರಾಂ ಲೆಕ್ಕ. ಅಷ್ಟು ಕಡಿಮೆಯನ್ನು ಅಳೆಯುವ ವಿಧಾನವನ್ನು ಅಮೆರಿಕದ ರೋಸಲಿನ್ ಯಾಲೊ ಮತ್ತು ಸಾಲಮನ್ ಬರ್ಸನ್ 1950ರ ದಶಕದ ಕೊನೆಯಲ್ಲಿ ರೂಪಿಸಿದರು. ಯಾಲೊಗೆ ಅದಕ್ಕಾಗಿ 1977ರ ನೊಬೆಲ್ ಸಂದಿತು. ಬರ್ಸನ್ ಆ ವೇಳೆಗೆ ತೀರಿಕೊಂಡಿದ್ದರು. ಆ ವರ್ಷದ ಪ್ರಶಸ್ತಿಯನ್ನು ಹಂಚಿಕೊಂಡ ಗಿಯೆಮಾ ಮತ್ತು ಶಾಲಿ, ಪಿಟ್ಯುಟರಿಯನ್ನು ಆಳುವ ಹೈಪೊಥಲಾಮಸ್ಸಿನ ಹಾರ್ಮೋನುಗಳನ್ನು ಲಕ್ಷಗಟ್ಟಲೆ ಕುರಿ, ಹಂದಿಗಳ ಮಿದುಳಿನಿಂದ ಬೇರ್ಪಡಿಸಿದವರು. ಇಂದು ಜಿಲ್ಲಾ ಕೇಂದ್ರದ ಲ್ಯಾಬಿನಲ್ಲಿ ಸಂಜೆಯೊಳಗೆ ಕೈಸೇರುವ ವರದಿಯ ಹಿಂದೆ ಇಷ್ಟು ದುಡಿಮೆ ಇದೆ.

ಆದರೆ ವರದಿಯ ಅಂಕಿ ಸ್ವತಃ ಉತ್ತರ ಕೊಡುವುದಿಲ್ಲ. ಪ್ರೊಲ್ಯಾಕ್ಟಿನ್‌ನ ಉದಾಹರಣೆ ನೋಡಿ. ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಿಲ್ಲ, ಮುಟ್ಟು ತಪ್ಪುತ್ತಿದೆ, ಮೊಲೆಯಿಂದ ಹಾಲು ಒಸರುತ್ತಿದೆ ಎಂದು ಒಬ್ಬ ಹೆಣ್ಣುಮಗಳು ಬರುತ್ತಾಳೆ ಎನ್ನೋಣ. ಪ್ರೊಲ್ಯಾಕ್ಟಿನ್ 25ರೊಳಗೆ ಇರಬೇಕಾದ್ದು 90 ಬಂದಿದೆ. ಕೈಯಲ್ಲಿ ಎಂಆರ್‌ಐ ಚೀಟಿಯೂ ಇದೆ. ಈ ಹಂತದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ‘ಯಾವ ಮಾತ್ರೆ ತಗೋತಿದ್ದೀಯಮ್ಮಾ?’ ‘ಏನೂ ಇಲ್ಲ ಡಾಕ್ಟ್ರೇ’ ಎನ್ನುತ್ತಾಳೆ. ‘ಗ್ಯಾಸಿಗೆ?’ ಎಂದು ಬಿಡಿಸಿ ಕೇಳಿದರೆ ‘ಹ್ಞಾಂ, ಅದು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಎರಡು ವರ್ಷದಿಂದ’ ಎಂಬ ಉತ್ತರ ಬರುತ್ತದೆ. ನಮ್ಮಲ್ಲಿ ಜನ ಗ್ಯಾಸ್ ಮಾತ್ರೆಯನ್ನು ಔಷಧಿಯ ಲೆಕ್ಕಕ್ಕೇ ಸೇರಿಸುವುದಿಲ್ಲ. ಅಂಥ ಎಷ್ಟೋ ಮಾತ್ರೆಗಳಲ್ಲಿ ಆಮ್ಲ ತಗ್ಗಿಸುವ ಔಷಧಿಯ ಜತೆ ಡೊಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಸೇರಿರುತ್ತದೆ; ಇವೆರಡೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ವೈದ್ಯರ ಸಲಹೆಯಂತೆ ಮಾತ್ರೆ ಬದಲಿಸಿ, ಕೆಲವು ದಿನ ಬಿಟ್ಟು ಮತ್ತೆ ರಕ್ತ ಕೊಟ್ಟರೆ ಅಂಕಿ ತಾನೇ ಇಳಿಯುತ್ತದೆ. ಮನೋರೋಗಕ್ಕೆ ಕೊಡುವ ರಿಸ್ಪೆರಿಡೋನ್‌ನಂಥ ಔಷಧಿಗಳೂ ಹೀಗೆಯೇ. ಆದರೆ ಅವನ್ನು ಮನೋವೈದ್ಯರನ್ನು ಕೇಳದೆ ಯಾರೂ ನಿಲ್ಲಿಸಕೂಡದು.

ಇನ್ನೆರಡು ಪರೀಕ್ಷೆ ಬಾಕಿ ಇವೆ: ಗರ್ಭ ಪರೀಕ್ಷೆ ಮತ್ತು ಟಿಎಸ್‌ಎಚ್. ಥೈರಾಯ್ಡ್ ತೀರಾ ಸೋತಾಗ ಟಿಎಸ್‌ಎಚ್ ನೂರು ದಾಟಬಹುದು. ಆಗ ನಾನು ಹೇಳಿದ ನಿಯಮದಂತೆ ಪಿಟ್ಯುಟರಿ ಹಗಲಿರುಳು ದುಡಿದು ತಾನೇ ದಪ್ಪವಾಗುತ್ತದೆ, ಪ್ರೊಲ್ಯಾಕ್ಟಿನ್ ಕೂಡ ಏರುತ್ತದೆ. ಎಂಆರ್‌ಐಯಲ್ಲಿ ಅದು ಥೇಟ್ ಗಡ್ಡೆಯಂತೆ ಕಾಣುತ್ತದೆ. ಥೈರಾಕ್ಸಿನ್ ಮಾತ್ರೆಯನ್ನು ಕೆಲವು ತಿಂಗಳು ಕೊಟ್ಟರೆ ಆ ‘ಗಡ್ಡೆ’ ಕರಗಿಹೋಗುತ್ತದೆ. ಟಿಎಸ್‌ಎಚ್ ನೋಡದೆ ಇಂಥವರನ್ನು ಆಪರೇಷನ್‌ಗೆ ಒಯ್ದ ಘಟನೆಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಇದಕ್ಕೆ ವಿರುದ್ಧವಾದ ಮೋಸವೂ ಇದೆ. ದೊಡ್ಡ ಗಡ್ಡೆ ಇದ್ದೂ ಪ್ರೊಲ್ಯಾಕ್ಟಿನ್ ಅಂಕಿ ಕಡಿಮೆ ಬರಬಹುದು. ಹಾರ್ಮೋನು ವಿಪರೀತ ಹೆಚ್ಚಿದ್ದಾಗ ಕೆಲವು ಪರೀಕ್ಷಾ ವಿಧಾನಗಳು ತಬ್ಬಿಬ್ಬಾಗಿ ಕಡಿಮೆ ತೋರಿಸುತ್ತವೆ. ರಕ್ತದ ಮಾದರಿಯನ್ನು ತೆಳು ಮಾಡಿ ಮತ್ತೆ ಅಳೆದರೆ ಸಾವಿರಗಳಲ್ಲಿ ಅಂಕಿ ಬರುತ್ತದೆ. ಕೂದಲು ಉದುರುವುದಕ್ಕೆಂದು ನುಂಗುವ ಬಯೋಟಿನ್ ಮಾತ್ರೆಯೂ ಹಲವು ಹಾರ್ಮೋನು ಪರೀಕ್ಷೆಗಳನ್ನು ದಾರಿ ತಪ್ಪಿಸುತ್ತದೆ. ರಕ್ತ ಕೊಡುವ ಎರಡು ಮೂರು ದಿನ ಮೊದಲೇ ಅದನ್ನು ನಿಲ್ಲಿಸಿರಬೇಕು.

ಬೆಳವಣಿಗೆಯ ಹಾರ್ಮೋನು ದಿನವಿಡೀ ಅಲೆ ಅಲೆಯಾಗಿ ಬರುವುದರಿಂದ ಯಾವುದೋ ಹೊತ್ತಿನಲ್ಲಿ ತೆಗೆದ ಒಂದು ಅಂಕಿಗೆ ಅರ್ಥವಿಲ್ಲ. ಅದರ ಪ್ರಭಾವದಿಂದ ಬಹುಪಾಲು ಯಕೃತ್ತಿನಲ್ಲಿ ತಯಾರಾಗುವ ಐಜಿಎಫ್-1 ಸ್ಥಿರವಾಗಿರುತ್ತದೆ. ಅದನ್ನು ವಯಸ್ಸಿಗೆ ತಕ್ಕಂತೆ ಹೋಲಿಸಿ ನೋಡುತ್ತೇವೆ. ಅನುಮಾನ ಉಳಿದರೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ರಕ್ತ ತೆಗೆಯುತ್ತೇವೆ. ಆರೋಗ್ಯವಂತರಲ್ಲಿ ಹಾರ್ಮೋನು ಕುಸಿಯುತ್ತದೆ, ಅಕ್ರೊಮೆಗಲಿಯಲ್ಲಿ ಕುಸಿಯುವುದಿಲ್ಲ. ಕುಶಿಂಗ್‌ಗೂ ಹೀಗೆಯೇ ಒಂದು ಸವಾಲು ಒಡ್ಡುತ್ತೇವೆ. ರಾತ್ರಿ ಹನ್ನೊಂದಕ್ಕೆ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಕೊಟ್ಟು ಬೆಳಿಗ್ಗೆ ಎಂಟಕ್ಕೆ ಕಾರ್ಟಿಸೋಲ್ ಅಳೆದಾಗ ಅದು 1.8 ಮೈಕ್ರೋಗ್ರಾಂಗಿಂತ ಕೆಳಗಿಳಿಯಬೇಕು. ಇಳಿಯದಿದ್ದರೆ ನಡುರಾತ್ರಿಯ ಜೊಲ್ಲಿನ ಕಾರ್ಟಿಸೋಲ್, 24 ಗಂಟೆಯ ಮೂತ್ರದ ಕಾರ್ಟಿಸೋಲ್ ನೋಡಿ ಖಚಿತಪಡಿಸಿಕೊಳ್ಳುತ್ತೇವೆ.

ಅದಕ್ಕೂ ಮೊದಲು ಒಂದು ಪ್ರಶ್ನೆ ಇದೆ: ಸ್ಟೀರಾಯ್ಡ್ ಹೊರಗಿನಿಂದ ಬಂದಿದೆಯೇ? ಗುಂಡು ಮುಖಕ್ಕೆ ಬಹುಪಾಲು ಕಾರಣ ಅದೇ. ಉಬ್ಬಸಕ್ಕೆ ಒಮ್ಮೆ ಬರೆದುಕೊಟ್ಟ ಪ್ರೆಡ್ನಿಸೊಲೋನ್ ಚೀಟಿಯನ್ನು ವರ್ಷಗಟ್ಟಲೆ ಮೆಡಿಕಲ್ ಶಾಪಿನಲ್ಲಿ ತೋರಿಸುವವರಿದ್ದಾರೆ. ಮೈ ತುಂಬಿಕೊಳ್ಳಲೆಂದು ಬೀಟಾಮೆಥಾಸೋನ್ ನುಂಗುವವರಿದ್ದಾರೆ. ಮಂಡಿನೋವಿಗೆ ಸಂತೆಯಲ್ಲಿ ಕೊಂಡ ‘ಗಿಡಮೂಲಿಕೆ’ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಮುಖ ಬೆಳ್ಳಗಾಗಲು ಹಚ್ಚುವ ಕೆಲವು ಕ್ರೀಮುಗಳಲ್ಲೂ ಉಂಟು. ಇಂಥವರು ಹೆದರಿ ಒಮ್ಮೆಗೇ ನಿಲ್ಲಿಸಿದರೆ ಇನ್ನೂ ಅಪಾಯ. ಅಷ್ಟು ದಿನ ಮಲಗಿದ್ದ ಪಿಟ್ಯುಟರಿ ತಕ್ಷಣ ಏಳುವುದಿಲ್ಲ, ರಕ್ತದೊತ್ತಡ ಕುಸಿಯಬಹುದು. ವಾರಗಳ, ಕೆಲವೊಮ್ಮೆ ತಿಂಗಳುಗಳ ಲೆಕ್ಕದಲ್ಲಿ ನಿಧಾನವಾಗಿ ಇಳಿಸಬೇಕು.

ಇಷ್ಟೆಲ್ಲ ಆದ ಮೇಲೆ ಎಂಆರ್‌ಐ. ಏಕೆ ಕೊನೆಗೆ ಎಂದರೆ, ಬೇರೆ ಕಾರಣದಿಂದ ಸತ್ತವರ ಶವಪರೀಕ್ಷೆಗಳಲ್ಲಿ ಹತ್ತರಲ್ಲಿ ಒಬ್ಬರ ಪಿಟ್ಯುಟರಿಯಲ್ಲಾದರೂ ಸಣ್ಣ ಗಡ್ಡೆ ಸಿಗುತ್ತದೆ. ಅವರು ಬದುಕಿದ್ದಾಗ ಅದರಿಂದ ಯಾವ ತೊಂದರೆಯೂ ಆಗಿರುವುದಿಲ್ಲ. ಕಾಯಿಲೆಯಾಗಿ ಕಾಡುವ ಗಡ್ಡೆಗಳನ್ನಷ್ಟೇ ಎಣಿಸಿದರೆ, ಬೆಲ್ಜಿಯಮ್ಮಿನ ಲಿಯೇಜ್ ಪ್ರಾಂತ್ಯದಲ್ಲಿ 2006ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ, ಸುಮಾರು 1,000 ಜನರಲ್ಲಿ ಒಬ್ಬರು. ಈ ಎರಡು ಅಂಕಿಗಳ ನಡುವಿನ ಅಂತರವೇ ಅನಗತ್ಯ ಭಯದ, ಅನಗತ್ಯ ಖರ್ಚಿನ ಮೂಲ. ತಲೆನೋವಿಗೆಂದು ಮಾಡಿಸಿದ ಸ್ಕ್ಯಾನಿನಲ್ಲಿ ನಾಲ್ಕು ಮಿಲಿಮೀಟರಿನ ಚುಕ್ಕೆ ಕಂಡು, ಹಾರ್ಮೋನುಗಳು ಸರಿಯಿದ್ದು, ದೃಷ್ಟಿಯೂ ಸರಿಯಿದ್ದರೆ ಅದನ್ನು ಮುಟ್ಟುವುದಿಲ್ಲ. ಕಾಲಕಾಲಕ್ಕೆ ನೋಡುತ್ತೇವೆ, ಅಷ್ಟೇ. ಇನ್ನೊಂದು ಕಡೆ, ಕುಶಿಂಗ್ ರೋಗಿಗಳ ಗಣನೀಯ ಪಾಲಿನಲ್ಲಿ ಗಡ್ಡೆ ಎಂಆರ್‌ಐಗೆ ಕಾಣದಷ್ಟು ಚಿಕ್ಕದು. ಆಗ ತೊಡೆಯ ರಕ್ತನಾಳದಿಂದ ಸಣ್ಣ ನಳಿಗೆಯನ್ನು ತಲೆಬುರುಡೆಯ ಬುಡದವರೆಗೂ ಕಳಿಸಿ, ಪಿಟ್ಯುಟರಿಯಿಂದ ಇಳಿದುಬರುವ ರಕ್ತದ ಎಸಿಟಿಎಚ್ ಅನ್ನು ಕೈಯ ರಕ್ತದ ಎಸಿಟಿಎಚ್ ಜತೆ ಹೋಲಿಸುತ್ತೇವೆ. ಅಲ್ಲಿ ಎರಡು ಪಟ್ಟೋ ಅದಕ್ಕಿಂತ ಹೆಚ್ಚೋ ಇದ್ದರೆ ಮೂಲ ಪಿಟ್ಯುಟರಿಯೇ.

ಮೂರನೆಯ ಭಾಗ ಚಿಕಿತ್ಸೆ. ಇಲ್ಲಿ ಒಂದು ವಿಂಗಡಣೆ ಮುಖ್ಯ. ಪ್ರೊಲ್ಯಾಕ್ಟಿನ್ ಗಡ್ಡೆಗೆ ಮೊದಲು ಮಾತ್ರೆ. ಬೆಳವಣಿಗೆಯ ಹಾರ್ಮೋನು, ಎಸಿಟಿಎಚ್ ಸುರಿಸುವ ಗಡ್ಡೆಗಳಿಗೆ ಮತ್ತು ದೃಷ್ಟಿಯನ್ನು ಒತ್ತುವ ಇತರ ಗಡ್ಡೆಗಳಿಗೆ ಸಾಮಾನ್ಯವಾಗಿ ಮೊದಲು ಶಸ್ತ್ರಚಿಕಿತ್ಸೆ.

ಮಿದುಳಿನಿಂದ ಬರುವ ಡೋಪಮಿನ್ ಪ್ರೊಲ್ಯಾಕ್ಟಿನ್‌ಗೆ ಸಹಜ ಕಡಿವಾಣ. ಡೋಪಮಿನ್‌ನಂತೆ ಕೆಲಸ ಮಾಡುವ ಬ್ರೋಮೊಕ್ರಿಪ್ಟಿನ್ 1970ರ ದಶಕದಲ್ಲಿ ಬಳಕೆಗೆ ಬಂತು. ಆಮೇಲೆ ಬಂದ ಕ್ಯಾಬರ್ಗೋಲಿನ್ ಅನ್ನು ವಾರಕ್ಕೆ ಒಂದೆರಡು ಸಲ ನುಂಗಿದರೆ ಸಾಕು. ಕೇವಲ ಹಾರ್ಮೋನು ಇಳಿಯುವುದಲ್ಲದೆ ಬಹುತೇಕರಲ್ಲಿ ಗಡ್ಡೆಯೂ ಕುಗ್ಗುತ್ತದೆ. ಕಣ್ಣು ಮಂಜಾಗಿದ್ದವರಿಗೆ ದಿನಗಳಲ್ಲಿ, ವಾರಗಳಲ್ಲಿ ದೃಷ್ಟಿ ಮರಳುವುದನ್ನು ನೋಡಬಹುದು. ಮುಟ್ಟು ಸರಿಹೋಗಿ ಬೇಗನೆ ಗರ್ಭ ನಿಲ್ಲಬಹುದು. ಆದ್ದರಿಂದ ಮಾತ್ರೆ ಶುರು ಮಾಡುವ ದಿನವೇ ಆ ಮಾತನ್ನೂ ಆಡಬೇಕು. ಈ ಔಷಧಿ ಕೆಲವರಲ್ಲಿ ಜೂಜು, ಅತಿಖರ್ಚುಗಳಂಥ ಹಿಡಿತವಿಲ್ಲದ ವರ್ತನೆ ತರಬಲ್ಲದು. ಮನೆಯವರಿಗೆ ಇದು ತಿಳಿದಿರಬೇಕು.

ಶಸ್ತ್ರಚಿಕಿತ್ಸೆಯ ಕಥೆ ಸ್ವಾರಸ್ಯವಾದದ್ದು. 1907ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಹರ್ಮನ್ ಶ್ಲೋಫರ್ ಮೊದಲ ಸಲ ಮೂಗಿನ ದಾರಿಯಿಂದ ಪಿಟ್ಯುಟರಿ ಗಡ್ಡೆಯನ್ನು ಮುಟ್ಟಿದ. ಕುಶಿಂಗ್ ಆ ದಾರಿಯನ್ನು ಸುಧಾರಿಸಿ 1910ರಿಂದ 1925ರವರೆಗೆ 231 ಜನರಿಗೆ ಮಾಡಿದ. ಆ್ಯಂಟಿಬಯೋಟಿಕ್ ಇಲ್ಲದ, ಸ್ಟೀರಾಯ್ಡ್ ಇಲ್ಲದ ಆ ಕಾಲದಲ್ಲಿ ಸತ್ತವರು ಶೇ. 5.6 ಮಾತ್ರ. ಆಮೇಲೆ ಅವನೇ ಅದನ್ನು ಕೈಬಿಟ್ಟು ತಲೆಬುರುಡೆ ತೆರೆಯುವ ದಾರಿಗೆ ತಿರುಗಿದ. ಲೋಕವೆಲ್ಲ ಅವನನ್ನು ಹಿಂಬಾಲಿಸಿತು. ಮೂಗಿನ ದಾರಿಯನ್ನು ಬಿಡದೆ ಉಳಿಸಿಕೊಂಡವನು ಕುಶಿಂಗ್ ಬಳಿ ಕಲಿತು ಹೋದ ಎಡಿನ್‌ಬರೋದ ನಾರ್ಮನ್ ಡಾಟ್. ಅವನಿಂದ ಪ್ಯಾರಿಸ್ಸಿನ ಜೆರಾರ್ ಗಿಯೊ ಕಲಿತ. ಗಿಯೊನಿಂದ ಮಾಂಟ್ರಿಯಲ್‌ನ ಜೂಲ್ಸ್ ಹಾರ್ಡಿ ಕಲಿತು 1960ರ ದಶಕದಲ್ಲಿ ಅದಕ್ಕೆ ಸೂಕ್ಷ್ಮದರ್ಶಕವನ್ನು ಜೋಡಿಸಿದ. ಒಂದು ವಿದ್ಯೆ ಮೂರು ಕೈಗಳನ್ನು ದಾಟಿ ಬದುಕಿಕೊಂಡ ಬಗೆ ಇದು. ಇಂದು ಸೂಕ್ಷ್ಮದರ್ಶಕದ ಜಾಗಕ್ಕೆ ಬಹುಮಟ್ಟಿಗೆ ಎಂಡೋಸ್ಕೋಪ್ ಬಂದಿದೆ. ಮೂಗಿನ ಹೊಳ್ಳೆಯಿಂದಲೇ ಒಳಹೊಕ್ಕು ತೆಗೆಯುವುದರಿಂದ ಮುಖದ ಮೇಲೆ ಗಾಯದ ಗುರುತೂ ಇರುವುದಿಲ್ಲ.

ಫಲ ಗಡ್ಡೆಯ ಗಾತ್ರಕ್ಕೆ ತಕ್ಕಂತೆ. ಹತ್ತು ಮಿಲಿಮೀಟರಿಗಿಂತ ಚಿಕ್ಕ ಗಡ್ಡೆಗಳಲ್ಲಿ, ಪಳಗಿದ ಕೈಗಳಲ್ಲಿ, ಬಹುಪಾಲು ಜನ ಗುಣವಾಗುತ್ತಾರೆ. ದೊಡ್ಡ ಅಕ್ರೊಮೆಗಲಿ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟು. ಉಳಿದವರಿಗೆ ತಿಂಗಳಿಗೊಮ್ಮೆ ಚುಚ್ಚುವ ಆಕ್ಟ್ರಿಯೊಟೈಡ್, ಲ್ಯಾನ್ರಿಯೊಟೈಡ್ ಇವೆ, ಬೆಲೆ ಭಾರ. ವಿಕಿರಣ ಮತ್ತೊಂದು ದಾರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗಾಮಾ ನೈಫ್ ಸೌಲಭ್ಯವಿದೆ. ಇದರ ಫಲಕ್ಕೆ ವರ್ಷಗಟ್ಟಲೆ ಕಾಯಬೇಕು. ಉಳಿದ ಪಿಟ್ಯುಟರಿ ಮುಂದೆ ಎಂದಾದರೂ ಸೋಲಬಹುದು. ಆದ್ದರಿಂದ ವಿಕಿರಣ ಪಡೆದವರು ಜೀವನಪೂರ್ತಿ ವರ್ಷಕ್ಕೊಮ್ಮೆ ಹಾರ್ಮೋನು ಪರೀಕ್ಷೆ ಮಾಡಿಸಬೇಕು.

ಆಪರೇಷನ್ ಆದ ಮೇಲಿನ ದಿನಗಳ ಬಗ್ಗೆ ಒಂದು ಮಾತು, ಆರೈಕೆಗೆ ನಿಲ್ಲುವವರಿಗಾಗಿ. ಮೂಗು ಸೀನಿ ಹಾಕಬಾರದು, ಮುಕ್ಕರಿಯಬಾರದು. ಮೂಗಿನಿಂದ ನೀರಿನಂಥ ದ್ರವ ತೊಟ್ಟಿಕ್ಕಿದರೆ ತಕ್ಷಣ ತಿಳಿಸಬೇಕು. ಅದು ಮಿದುಳಿನ ಸುತ್ತಲಿನ ನೀರಿರಬಹುದು. ವ್ಯಾಸೋಪ್ರೆಸಿನ್ ಕಡಿಮೆಯಾದರೆ ಗಂಟೆಗಟ್ಟಲೆ ನೀರಿನಷ್ಟು ತಿಳಿಯಾದ ಮೂತ್ರ ಹೋಗುತ್ತದೆ, ಬಾಯಾರಿಕೆ ತಾಳಲಾಗುವುದಿಲ್ಲ; ಡೆಸ್ಮೊಪ್ರೆಸಿನ್ ಇದಕ್ಕೆ ಔಷಧಿ. ಮನೆಗೆ ಹೋದ ಮೇಲೆ, ಸುಮಾರು ಒಂದು ವಾರದ ಹೊತ್ತಿಗೆ, ಕೆಲವರಲ್ಲಿ ಇದಕ್ಕೆ ತದ್ವಿರುದ್ಧವಾಗಿ ನೀರು ಮೈಯಲ್ಲೇ ನಿಂತು ಸೋಡಿಯಂ ಕುಸಿಯುತ್ತದೆ: ತಲೆನೋವು, ವಾಕರಿಕೆ, ಗೊಂದಲ. ‘ಆಪರೇಷನ್ ಸುಸ್ತು’ ಎಂದು ಎಳನೀರು ಕುಡಿಸುತ್ತ ಕೂರಬೇಡಿ. ರಕ್ತದ ಸೋಡಿಯಂ ನೋಡಿಸಿ.

ಈಗ ಕೊನೆಯ ಭಾಗ: ಗ್ರಂಥಿಯೇ ಸೋತಾಗ. ಗಡ್ಡೆ, ಆಪರೇಷನ್, ವಿಕಿರಣ ಇವು ಕಾರಣಗಳಾಗಬಹುದು. ನಮ್ಮ ಹಳ್ಳಿಗಾಡಿಗೆ ಸಂಬಂಧಿಸಿದ ಇನ್ನೆರಡು ಕಾರಣಗಳನ್ನು ಇಲ್ಲಿ ಎತ್ತಿ ಹೇಳುತ್ತೇನೆ.

ಮೊದಲನೆಯದು ಹೆರಿಗೆಯ ರಕ್ತಸ್ರಾವ. ಬಸುರಿಯಲ್ಲಿ ಪಿಟ್ಯುಟರಿ ದಪ್ಪವಾಗಿರುತ್ತದೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಒತ್ತಡ ಕುಸಿದಾಗ ಅದಕ್ಕೆ ರಕ್ತ ಸಾಲದೆ ಒಂದು ಭಾಗ ಸತ್ತುಹೋಗುತ್ತದೆ. ಗ್ಲಾಸ್ಗೋದ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಹೆರಾಲ್ಡ್ ಶೀಹಾನ್ 1937ರಲ್ಲಿ ಇದನ್ನು ವಿವರಿಸಿದ. ಶ್ರೀಮಂತ ದೇಶಗಳಲ್ಲಿ ಇದು ಈಗ ವಿರಳ. ಕಾಶ್ಮೀರ ಕಣಿವೆಯಲ್ಲಿ ನಡೆದ ಅಧ್ಯಯನವೊಂದರಲ್ಲಿ ಮಕ್ಕಳನ್ನು ಹೆತ್ತ ಹೆಂಗಸರಲ್ಲಿ ಸುಮಾರು ಶೇ. 3ರಷ್ಟು ಮಂದಿಗೆ ಇದು ಇರಬಹುದೆಂಬ ಅಂದಾಜು ಬಂತು. ಚಿತ್ರ ಹೀಗಿರುತ್ತದೆ: ಹೆರಿಗೆಯಲ್ಲಿ ರಕ್ತ ಏರಿಸಬೇಕಾಯಿತು, ಮಗುವಿಗೆ ಎದೆಹಾಲು ಬರಲೇ ಇಲ್ಲ, ಮುಟ್ಟು ಮರಳಲಿಲ್ಲ, ಕಂಕುಳ ಕೂದಲು ಉದುರಿತು, ಚಳಿ ತಡೆಯುವುದಿಲ್ಲ, ಬೆಳಿಗ್ಗೆ ಏಳಲು ಶಕ್ತಿಯಿಲ್ಲ. ಬಾಣಂತನದಲ್ಲಿ ಸರಿಯಾಗಿ ನೋಡಿಕೊಳ್ಳಲಿಲ್ಲವೆಂದು ಅತ್ತೆಮನೆಯವರು ತವರಿನವರನ್ನು ದೂರುತ್ತಾರೆ. ಸೊಸೆ ಸೋಮಾರಿ ಎನಿಸಿಕೊಳ್ಳುತ್ತಾಳೆ. ಹತ್ತು ಹದಿನೈದು ವರ್ಷ ಹೀಗೇ ಕಳೆದು, ಒಂದು ದಿನ ವಾಂತಿಭೇದಿಯಾಗಿ ಪ್ರಜ್ಞೆ ತಪ್ಪಿ ಆಸ್ಪತ್ರೆಗೆ ಬಂದಾಗ ಸೋಡಿಯಂ ಕುಸಿದಿರುತ್ತದೆ. ಆಗಲೂ ‘ಕೊನೆಯ ಹೆರಿಗೆ ಹೇಗಾಯಿತು?’ ಎಂದು ಯಾರಾದರೂ ಕೇಳಿದರಷ್ಟೇ ಕಾಯಿಲೆ ತಿಳಿಯುವುದು.

ಎರಡನೆಯದು ಕೊಳಕುಮಂಡಲದ ಕಡಿತ. ಗದ್ದೆ, ಕಬ್ಬಿನ ತೋಟಗಳಲ್ಲಿ ದುಡಿಯುವವರಿಗೆ ಈ ಹಾವಿನ ಪರಿಚಯ ಬೇಕಿಲ್ಲ. ಅದರ ವಿಷದಿಂದ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಕೆಡುತ್ತದೆ, ಮೂತ್ರಪಿಂಡ ಸೋಲುತ್ತದೆ. ಪಿಟ್ಯುಟರಿಯ ಒಳಗೂ ರಕ್ತಸ್ರಾವವಾಗಬಹುದು. 1970ರ ದಶಕದಲ್ಲಿ ದಕ್ಷಿಣ ಭಾರತದಿಂದ, 1987ರಲ್ಲಿ ಬರ್ಮಾದಿಂದ ಇದರ ವರದಿಗಳು ಬಂದವು. ಡಯಾಲಿಸಿಸ್ ಆಗಿ ಬದುಕಿ ಮನೆಗೆ ಹೋದವರು ತಿಂಗಳುಗಳ, ವರ್ಷಗಳ ಬಳಿಕ ಸುಸ್ತು, ಕಡಿಮೆ ರಕ್ತದೊತ್ತಡ, ಲೈಂಗಿಕ ಆಸಕ್ತಿ ಇಲ್ಲದಿರುವುದು ಎಂದು ಬರುತ್ತಾರೆ. ಹುಡುಗನಾದರೆ ಗಡ್ಡಮೀಸೆಯೇ ಮೂಡುವುದಿಲ್ಲ. ಹಾವಿಗೂ ಇದಕ್ಕೂ ನಂಟು ಇದೆಯೆಂದು ಅವರಿಗೆ ಹೇಗೆ ಹೊಳೆಯಬೇಕು? ನಮಗೆ ಹೊಳೆಯಬೇಕು.

ಇಂಥ ರೋಗಿಗಳಿಗೆ ಸಾಮಾನ್ಯವಾಗಿ ಮಾಡಿಸುವ ಪರೀಕ್ಷೆ ಟಿಎಸ್‌ಎಚ್ ಒಂದೇ. ಅದು ‘ನಾರ್ಮಲ್’ ಬರುತ್ತದೆ. ಅಪ್ಪಣೆ ಕೊಡುವ ಗ್ರಂಥಿಯೇ ಸೋತಿರುವಾಗ ಟಿಎಸ್‌ಎಚ್ ಏರುವುದಾದರೂ ಹೇಗೆ? ಥೈರಾಯ್ಡಿನ ಹಾರ್ಮೋನಾದ ಫ್ರೀ ಟಿ4 ನೋಡಿದರೆ ತೀರಾ ಕಡಿಮೆ ಇರುತ್ತದೆ. ಅದರ ಜತೆ ಬೆಳಗಿನ ಎಂಟರ ಕಾರ್ಟಿಸೋಲ್ ಸೇರಿದರೆ ಅರ್ಧ ಉತ್ತರ ಸಿಕ್ಕಂತೆ.

ಇಲ್ಲಿ ನನ್ನ ಉಪನ್ಯಾಸದ ಅತಿಮುಖ್ಯ ಕ್ರಮ ಬರುತ್ತದೆ. ಕಾರ್ಟಿಸೋಲ್ ಮತ್ತು ಥೈರಾಯ್ಡ್ ಎರಡೂ ಕಡಿಮೆಯಿರುವಾಗ ಮೊದಲು ಹೈಡ್ರೊಕಾರ್ಟಿಸೋನ್, ಆಮೇಲೆ ಥೈರಾಕ್ಸಿನ್. ಥೈರಾಕ್ಸಿನ್ ಮೊದಲು ಕೊಟ್ಟರೆ ಅದು ದೇಹದ ಓಟವನ್ನು ಹೆಚ್ಚಿಸಿ ಉಳಿದ ಚೂರು ಕಾರ್ಟಿಸೋಲನ್ನೂ ಖಾಲಿ ಮಾಡುತ್ತದೆ, ರೋಗಿ ಕುಸಿಯುತ್ತಾನೆ. ಗಡ್ಡೆಯೊಳಗೆ ಹಠಾತ್ ರಕ್ತಸ್ರಾವವಾಗಿ, ಸಿಡಿಲು ಬಡಿದಂಥ ತಲೆನೋವು, ವಾಂತಿ, ರೆಪ್ಪೆ ಇಳಿಬೀಳುವುದು, ಎರಡೆರಡು ಕಾಣುವುದು ಆದಾಗಲೂ ಅಷ್ಟೇ: ರಕ್ತ ಪರೀಕ್ಷೆಯ ವರದಿಗೆ ಕಾಯದೆ ಮೊದಲು ಸ್ಟೀರಾಯ್ಡ್ ಚುಚ್ಚುಮದ್ದು, ಆಮೇಲೆ ಸ್ಕ್ಯಾನ್.

ಗ್ರಂಥಿ ಸೋತವರಿಗೆ ದಿನಕ್ಕೆ ಸುಮಾರು 15ರಿಂದ 20 ಮಿಲಿಗ್ರಾಂ ಹೈಡ್ರೊಕಾರ್ಟಿಸೋನನ್ನು ಹಂಚಿ ಕೊಡುತ್ತೇವೆ. ಅದು ಸಿಗದ ಊರುಗಳಲ್ಲಿ ಪ್ರೆಡ್ನಿಸೊಲೋನ್ ಕೊಟ್ಟು ನಿಭಾಯಿಸುತ್ತೇವೆ. ಇದು ಮೈಯಲ್ಲಿ ಇರಬೇಕಾದ್ದನ್ನು ತುಂಬಿಕೊಡುವ ಪ್ರಮಾಣ. ‘ಸ್ಟೀರಾಯ್ಡ್ ಕೆಟ್ಟದ್ದು’ ಎಂಬ ನೆಂಟರ ಮಾತು ಕೇಳಿ ನಿಲ್ಲಿಸಿದರೆ ಪ್ರಾಣಕ್ಕೆ ಕುತ್ತು. ಜ್ವರ ಬಂದ ದಿನಗಳಲ್ಲಿ ಎರಡು ಪಟ್ಟು ತೆಗೆದುಕೊಳ್ಳಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಹತ್ತಿರದ ಆಸ್ಪತ್ರೆಯಲ್ಲಿ 100 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಚುಚ್ಚುಮದ್ದು ಬೇಕು. ಹಲ್ಲು ಕೀಳಿಸುವಾಗಲೂ ಆಪರೇಷನ್ ಆಗುವಾಗಲೂ ಮುಂಚೆಯೇ ತಿಳಿಸಬೇಕು. ಉಪವಾಸದ ದಿನವೂ ಮಾತ್ರೆ ತಪ್ಪಿಸಕೂಡದು. ಇಷ್ಟನ್ನೂ ಕನ್ನಡದಲ್ಲಿ ಬರೆದ ಒಂದು ಚೀಟಿ ಸದಾ ಕಿಸೆಯಲ್ಲಿ, ಪರ್ಸಿನಲ್ಲಿ ಇರಬೇಕು. ಮನೆಯ ಒಬ್ಬರಿಗಾದರೂ ಬಾಯಿಪಾಠ ಬರಬೇಕು.

ಮಹನೀಯರೇ, ಮಾತು ಮುಗಿಸುವ ಮೊದಲು ಮೂರು ಸಲಹೆಗಳನ್ನು ಸಭೆಯ ಮುಂದಿಡುತ್ತೇನೆ. ಒಂದು, ಹೆರಿಗೆಯಲ್ಲಿ ಹೆಚ್ಚು ರಕ್ತ ಹೋದ ಸಂಗತಿ ತಾಯಿ ಕಾರ್ಡಿನಲ್ಲಿ ದಾಖಲಾಗಬೇಕು. ಎದೆಹಾಲು ಬಂತೇ, ಮುಟ್ಟು ಮರಳಿತೇ ಎಂದು ಆಶಾ ಕಾರ್ಯಕರ್ತೆಯರು ಆರು ತಿಂಗಳ ಬಳಿಕವೂ ಕೇಳುವಂತಾಗಬೇಕು. ಇದಕ್ಕೆ ಹೊಸ ಯೋಜನೆ ಬೇಕಿಲ್ಲ, ಇರುವ ಭೇಟಿಯಲ್ಲಿ ಎರಡು ಪ್ರಶ್ನೆ ಸೇರಿಸಿದರೆ ಸಾಕು. ಎರಡು, ತಾಲ್ಲೂಕು ಆಸ್ಪತ್ರೆಗಳಲ್ಲಿ ಟಿಎಸ್‌ಎಚ್ ಜತೆ ಫ್ರೀ ಟಿ4 ಮತ್ತು ಬೆಳಗಿನ ಕಾರ್ಟಿಸೋಲ್ ಪರೀಕ್ಷೆ ಸಿಗಬೇಕು. ಹೈಡ್ರೊಕಾರ್ಟಿಸೋನ್ ಚುಚ್ಚುಮದ್ದು ಎಂದೂ ಖಾಲಿಯಾಗಬಾರದು. ಪಿಟ್ಯುಟರಿ ಕಾಯಿಲೆಯ ಇಡೀ ಚಿಕಿತ್ಸೆಯಲ್ಲಿ ಪ್ರಾಣ ಉಳಿಸುವ ಈ ಭಾಗವೇ ಅತ್ಯಂತ ಅಗ್ಗದ್ದು. ಮೂರನೆಯದು ಇಲ್ಲಿರುವ ವೈದ್ಯ ವಿದ್ಯಾರ್ಥಿಗಳಿಗೆ: ಸ್ಕ್ಯಾನ್ ಚೀಟಿ ಬರೆಯುವ ಮೊದಲು ನುಂಗುತ್ತಿರುವ ಮಾತ್ರೆ, ಆಗಿಹೋದ ಹೆರಿಗೆ, ಕಚ್ಚಿದ ಹಾವು, ಬಿಗಿಯಾದ ಉಂಗುರ, ಈ ನಾಲ್ಕನ್ನೂ ವಿಚಾರಿಸಿ. ಉತ್ತರಗಳನ್ನು ಕೇಸ್ ಶೀಟಿನಲ್ಲಿ ಬರೆಯಿರಿ. ನಿಮ್ಮ ಮುಂದಿನ ವೈದ್ಯರು ಅವನ್ನು ಜೋಡಿಸಿ ನೋಡಲು ಸಾಧ್ಯವಾಗುವುದು ಆಗಲೇ.